ಊಟ ಬಲ್ಲವಳಾದ ಬಗೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ನಮ್ಮ ಊರಿನ ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ, ಬಿಳಿಯ ಸುಣ್ಣದ ಮೇಲೆ ನೀಲಿಯ ಅಕ್ಷರಗಳಲ್ಲಿ ಅದನ್ನು ಬರೆಸಿದ್ದರು. ಅದನ್ನು ದಿನವೂ ಓದುತ್ತ ಬೆಳೆದ ನಾನು, ಈ ದೇಶಕ್ಕೆ ಬಂದ ಮೇಲೆ ಸುಮಾರು ಒಂಬತ್ತು ವರ್ಷ ಕಾಲ ಊಟ ಬಲ್ಲವಳಾಗಿರಲಿಲ್ಲ. ಮಾತು ಬಲ್ಲವಳೂ ಆಗಿರಲಿಲ್ಲ. ಆಡಲೇಬೇಕಾಗಿದ್ದ ಒಂದು ಮಾತನ್ನು ಆಡದೆ ಹದಿನೇಳು ವರ್ಷ ಒಳಗೇ ಇಟ್ಟುಕೊಂಡಿದ್ದೆ.

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಿಂದಿನ ಸಮ್ಮೇಳನಗಳಲ್ಲಿ ಬರೆದಂತೆ ಯಾವುದಾದರೂ ಪ್ರವಾಸಾನುಭವವನ್ನೋ ಹಬ್ಬದ ನೆನಪನ್ನೋ ಬರೆದು ಕಳುಹಿಸೋಣವೆಂದು ಕುಳಿತೆ. ಆದರೆ ನನ್ನ ಪಾಲಿಗೆ ಹಬ್ಬದ ನೆನಪು ಎಂದೊಡನೆ ಕಣ್ಣ ಮುಂದೆ ಬರುವುದು ಒಂದು ಸ್ಟೀಲಿನ ಡಬ್ಬ. ಆದ್ದರಿಂದ ಅದರ ಕಥೆಯನ್ನೇ ಬರೆಯುತ್ತಿದ್ದೇನೆ.

1996ರ ದೀಪಾವಳಿ. ಮೈಸೂರಿನಿಂದ ನಮ್ಮ ಅತ್ತೆಯವರು ಆರು ತಿಂಗಳ ಮಟ್ಟಿಗೆ ಓಹಾಯೋದ ನಮ್ಮ ಮನೆಗೆ ಬಂದಿದ್ದರು. ಕನ್ನಡ ಕೂಟದ ಮಕ್ಕಳ ಕಾರ್ಯಕ್ರಮಕ್ಕೆಂದು ಅವರು ಒಂದು ಮಧ್ಯಾಹ್ನವೆಲ್ಲ ಕುಳಿತು ನಲವತ್ತು ರವೆ ಉಂಡೆ ಕಟ್ಟಿ, ಲವಂಗ ಚುಚ್ಚಿ, ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿಟ್ಟರು. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ನೀರು ಕುಡಿಯಲೆಂದು ಅಡಿಗೆಮನೆಗೆ ಹೋದೆ. ದೀಪ ಹಾಕಲಿಲ್ಲ. ಮೊದಲನೆಯ ಉಂಡೆಯ ರುಚಿ ನನಗೆ ನೆನಪಿದೆ. ಎರಡನೆಯದರಿಂದ ಮುಂದೆ ಯಾವುದರ ರುಚಿಯೂ ನೆನಪಿಲ್ಲ. ಬೆಳಿಗ್ಗೆ ಡಬ್ಬದಲ್ಲಿ ಹತ್ತೊಂಬತ್ತು ಉಂಡೆಗಳಿದ್ದವು.

ನನ್ನ ಪತಿ ಎಂಟು ವರ್ಷದ ಮಗನನ್ನು ಕರೆದು ವಿಚಾರಿಸಿದರು. ಅವನು ಇಲ್ಲವೆಂದ. ಸುಳ್ಳು ಹೇಳುತ್ತಿದ್ದಾನೆಂದು ಇನ್ನಷ್ಟು ಗದರಿದರು. ಹುಡುಗ ಅಳುತ್ತ ನನ್ನ ಕಡೆ ನೋಡಿದ. ನಾನು ಅವನ ಮಧ್ಯಾಹ್ನದ ಊಟದ ಡಬ್ಬಿಗೆ ಚಪಾತಿಯನ್ನು ಮಡಿಸಿ ತುಂಬುತ್ತಿದ್ದೆ, ತುಂಬುತ್ತಲೇ ಇದ್ದೆ. ಒಂದು ಮಾತೂ ಆಡಲಿಲ್ಲ.

ಅತ್ತೆಯವರೂ ಏನೂ ಅನ್ನಲಿಲ್ಲ. ಮಧ್ಯಾಹ್ನ ಮತ್ತೆ ರವೆ ಹುರಿಯಲು ಕುಳಿತರು. ರಾತ್ರಿ ನಾನೊಬ್ಬಳೇ ಪಾತ್ರೆ ತೊಳೆಯುತ್ತಿರುವಾಗ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು: "ರಾತ್ರಿ ಹೊತ್ತು ಹಸಿವಾದರೆ ನನ್ನನ್ನ ಎಬ್ಬಿಸಮ್ಮ. ಇಬ್ಬರೂ ಕೂತು ತಿನ್ನೋಣ." ಅಷ್ಟೇ. ಮುಂದೆ ಎಂದೂ ಆ ವಿಷಯವನ್ನು ಅವರು ಎತ್ತಲಿಲ್ಲ.

ಇದು ಒಂದು ರಾತ್ರಿಯ ಬಾಯಿಚಪಲವಾಗಿದ್ದರೆ ಇಂದು ಬರೆಯುವ ಅಗತ್ಯವಿರಲಿಲ್ಲ. 1984ರಲ್ಲಿ ಮದುವೆಯಾಗಿ ಈ ದೇಶಕ್ಕೆ ಬಂದ ನಾನು, 1988ರಲ್ಲಿ ಮಗ ಹುಟ್ಟಿದ ಮೇಲೆ ಸಾಕಷ್ಟು ದಪ್ಪಗಾದೆ. ಮರುವರ್ಷ ಒಂದು ಪಥ್ಯದ ಪುಸ್ತಕವನ್ನು ತಂದು, ಅದರಂತೆ ದ್ರಾಕ್ಷಿಹಣ್ಣು, ಬೇಯಿಸಿದ ಮೊಟ್ಟೆ, ಕಪ್ಪು ಕಾಫಿಗಳಲ್ಲಿ ದಿನ ಕಳೆಯತೊಡಗಿದೆ. ಎರಡು ತಿಂಗಳಲ್ಲಿ ಹದಿನಾಲ್ಕು ಪೌಂಡು ಇಳಿಯಿತು. ಕೂಟದಲ್ಲಿ ಎಲ್ಲರೂ ಹೊಗಳಿದರು. ಮೂರನೆಯ ತಿಂಗಳು ಒಂದು ಸಂಜೆ, ಮಗುವಿನ ತಟ್ಟೆಯಲ್ಲಿ ಉಳಿದಿದ್ದ ಮೊಸರನ್ನವನ್ನು ಬಾಯಿಗೆ ಹಾಕಿಕೊಂಡವಳು ಪಾತ್ರೆಯಲ್ಲಿದ್ದ ಅನ್ನವನ್ನೆಲ್ಲ, ಅದಾದ ಮೇಲೆ ಒಂದು ಇಡೀ ಬ್ರೆಡ್ಡನ್ನು ನಿಂತ ನಿಲುವಿನಲ್ಲೇ ತಿಂದು ಮುಗಿಸಿದೆ. ಮರುದಿನ ಪ್ರಾಯಶ್ಚಿತ್ತವಾಗಿ ಉಪವಾಸ ಮಾಡಿದೆ. ಅದರ ಮರುರಾತ್ರಿ ಮತ್ತೆ ಅದೇ ಆಯಿತು. 1991ರಲ್ಲಿ ತಂದೆಯವರು ತೀರಿಕೊಂಡಾಗ ವಿಮಾನದ ಟಿಕೆಟ್ಟು ಹೊಂದಿಸಿಕೊಂಡು ಊರು ಸೇರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಆ ವರ್ಷದಿಂದ ಮುಂದೆ ವಾರಕ್ಕೆ ಮೂರು ನಾಲ್ಕು ರಾತ್ರಿ ಹೀಗಾಗುವುದು ರೂಢಿಯಾಯಿತು.

ಹೊರಗಿನವರಿಗೆ ಇದಾವುದೂ ತಿಳಿಯುತ್ತಿರಲಿಲ್ಲ. ಯುಗಾದಿಯ ಕೂಟದಲ್ಲಿ ನಾನು ಒಂದು ಚಮಚ ಚಿತ್ರಾನ್ನ, ಎರಡು ಹೋಳು ಸೌತೆಕಾಯಿ ಹಾಕಿಸಿಕೊಂಡು ಕೂರುತ್ತಿದ್ದೆ. "ಎಷ್ಟು ಮಿತಾಹಾರಿ ನೀವು!" ಎಂದು ಗೆಳತಿಯರು ಮೆಚ್ಚುತ್ತಿದ್ದರು. ಉಳಿದ ಬಿಸಿಬೇಳೆಬಾತಿನ ಅಲ್ಯೂಮಿನಿಯಂ ತಟ್ಟೆಯನ್ನು ಮನೆಗೆ ಒಯ್ಯುವ ಜವಾಬ್ದಾರಿಯನ್ನು ನಾನೇ ಕೇಳಿ ಪಡೆಯುತ್ತಿದ್ದೆ. ಆ ತಟ್ಟೆ ಬೆಳಗಿನ ತನಕ ಉಳಿಯುತ್ತಿರಲಿಲ್ಲ. ಖಾಲಿಯಾದ ಐಸ್‌ಕ್ರೀಮಿನ ಡಬ್ಬಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ ಕಸದ ಚೀಲದ ತಳಕ್ಕೆ ತುರುಕುತ್ತಿದ್ದೆ. ಸೋಮವಾರ, ಶನಿವಾರ, ಏಕಾದಶಿಗಳ ಉಪವಾಸಗಳನ್ನು ಒಂದೊಂದಾಗಿ ಸೇರಿಸಿಕೊಂಡೆ. ನೋಡುವವರಿಗೆ ಅದು ಭಕ್ತಿ. ವ್ರತದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ನಾನು ಮಾಡುತ್ತಿದ್ದುದು ವ್ರತವಲ್ಲ, ದೇವರ ಹೆಸರಿನಲ್ಲಿ ನನಗೆ ನಾನೇ ವಿಧಿಸಿಕೊಳ್ಳುತ್ತಿದ್ದ ಶಿಕ್ಷೆ.

ಒಮ್ಮೆ ಧೈರ್ಯ ಮಾಡಿ ಒಬ್ಬ ವೈದ್ಯರ ಬಳಿ ಹೇಳಿಕೊಂಡೆ. ಅವರು ದಿನಕ್ಕೆ 1200 ಕ್ಯಾಲರಿಗಳ ಒಂದು ಪಟ್ಟಿಯನ್ನು ಕೊಟ್ಟು, ಮನಸ್ಸು ಗಟ್ಟಿ ಮಾಡಿಕೊಳ್ಳಿರೆಂದು ಬೆನ್ನು ತಟ್ಟಿ ಕಳುಹಿಸಿದರು. ಮನಸ್ಸನ್ನು ಗಟ್ಟಿ ಮಾಡಿ ಮಾಡಿಯೇ ನಾನು ಆ ಸ್ಥಿತಿಗೆ ಬಂದಿದ್ದೆನೆಂಬುದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಅತ್ತೆಯವರು 1997ರ ಫೆಬ್ರವರಿಯಲ್ಲಿ ಊರಿಗೆ ಮರಳಿದರು. ಅವರಿಲ್ಲದ ಮನೆಯಲ್ಲಿ ಮೊದಲ ವಾರವೇ ಐದು ರಾತ್ರಿ ಅದೇ ಕಥೆಯಾಯಿತು. ಆ ಶನಿವಾರ ಮಗನನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಅವನು ಮಕ್ಕಳ ವಿಭಾಗದಲ್ಲಿ ಕುಳಿತಿದ್ದಾಗ ನಾನು ಕಪಾಟುಗಳ ನಡುವೆ 616.85 ಎಂಬ ಸಂಖ್ಯೆಯನ್ನು ಹುಡುಕುತ್ತ ಹೋದೆ. ಡ್ಯೂಯಿ ವರ್ಗೀಕರಣದಲ್ಲಿ ಮನೋವ್ಯಾಧಿಗಳ ಪುಸ್ತಕಗಳು ಸೇರುವುದು ಆ ಸಂಖ್ಯೆಯ ಆಸುಪಾಸಿನಲ್ಲಿ. ನಮ್ಮ ತಂದೆಯವರ ಪುಸ್ತಕದ ಕಪಾಟಿನಲ್ಲಿ ಡಾ. ಎಂ. ಶಿವರಾಂ ಅವರ 'ಮನಮಂಥನ' ಇದ್ದುದು ಆಗ ನೆನಪಾಯಿತು. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕೃತಿಯನ್ನು ತಂದೆಯವರು ಕಾದಂಬರಿಯಷ್ಟೇ ಆಸಕ್ತಿಯಿಂದ ಓದಿದ್ದರು. ದೇಹಕ್ಕೆ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದರಲ್ಲಿ ನಾಚಿಕೆ ಪಡುವಂಥದು ಏನೂ ಇಲ್ಲ ಎಂಬ ಮಾತನ್ನು ಅವರ ಬಾಯಿಂದ ಕೇಳಿದ್ದೆ. ಆ ನೆನಪಿಲ್ಲದಿದ್ದರೆ ಆ ಕಪಾಟಿನ ಮುಂದೆ ನಿಲ್ಲುವ ಧೈರ್ಯ ನನಗೆ ಬರುತ್ತಿತ್ತೆ ಎಂಬುದು ಸಂಶಯ.

ಅಂದು ಮೂರು ಪುಸ್ತಕಗಳನ್ನು ತಂದೆ. ಬೇರೆ ಕನ್ನಡಿಗರ ಕಣ್ಣಿಗೆ ಬೀಳಬಾರದೆಂದು ಹಳೆಯ 'ಸುಧಾ' ವಾರಪತ್ರಿಕೆಯ ಹಾಳೆಗಳನ್ನು ಹರಿದು, ಶಾಲೆಯ ಪುಸ್ತಕಗಳಿಗೆ ಹಾಕುವಂತೆ ಅವುಗಳಿಗೆ ರಟ್ಟು ಹಾಕಿದೆ. ನನ್ನ ಪತಿ ಅವುಗಳನ್ನು ಕಂಡು, ಕನ್ನಡ ಕಾದಂಬರಿಗಳೆಂದೇ ಭಾವಿಸಿದರು.

ಮೊದಲನೆಯದು ಸೂಸಿ ಆರ್ಬಾಕ್ ಎಂಬ ಬ್ರಿಟನ್ನಿನ ಮನಶ್ಚಿಕಿತ್ಸಕಿ 1978ರಲ್ಲಿ ಪ್ರಕಟಿಸಿದ 'ಫ್ಯಾಟ್ ಈಸ್ ಎ ಫೆಮಿನಿಸ್ಟ್ ಇಶ್ಯೂ'. ಹೆಣ್ಣಿನ ದೇಹ ಹೀಗಿರಬೇಕೆಂದು ಸಮಾಜ ಹೇರುವ ಒತ್ತಡಕ್ಕೂ ಹೆಣ್ಣು ಅಳತೆಮೀರಿ ತಿನ್ನುವುದಕ್ಕೂ ಇರುವ ಸಂಬಂಧವನ್ನು ಆಕೆ ತೋರಿಸುತ್ತಾಳೆ. ಪಥ್ಯದಿಂದ ಈ ತೊಂದರೆ ನೀಗದು ಎನ್ನುತ್ತಾಳೆ. ಅದನ್ನು ಓದಿ, ದೋಷವೆಲ್ಲ ನನ್ನೊಬ್ಬಳದೇ ಅಲ್ಲವೆಂಬ ಸಮಾಧಾನ ಮೊದಲ ಬಾರಿಗೆ ದೊರೆಯಿತು. ಆದರೆ ಸಮಾಜದ ಮೇಲೆ ಕೋಪಗೊಂಡು ಮಲಗಿದ ರಾತ್ರಿಯೂ ಹನ್ನೊಂದು ಗಂಟೆಗೆ ಎದ್ದು ಅಡಿಗೆಮನೆಗೆ ಹೋದೆ.

ಎರಡನೆಯದು ಜಿನೀನ್ ರಾತ್ 1984ರಲ್ಲಿ ಬರೆದ 'ಬ್ರೇಕಿಂಗ್ ಫ್ರೀ ಫ್ರಮ್ ಕಂಪಲ್ಸಿವ್ ಈಟಿಂಗ್'. ಆಕೆ ಸ್ವತಃ ಈ ಕಷ್ಟವನ್ನು ಅನುಭವಿಸಿ ಬರೆದವಳು. ಹಸಿವಾದಾಗ ತಿನ್ನು, ಕುಳಿತು ತಿನ್ನು, ಬೇರೆಯವರ ಕಣ್ಣೆದುರಿಗೇ ತಿನ್ನು, ತೃಪ್ತಿಯಾದಾಗ ನಿಲ್ಲಿಸು ಎಂಬುದು ಆಕೆಯ ಸೂತ್ರಗಳ ಸಾರ. 'ಕುಳಿತು', 'ಬೇರೆಯವರ ಎದುರಿಗೆ' ಎಂಬುದನ್ನು ಓದಿದಾಗ ಅತ್ತೆಯವರ ಮಾತು ನೆನಪಾಗಿ ಪುಸ್ತಕವನ್ನು ಮಡಿಸಿಟ್ಟು ಬಹಳ ಹೊತ್ತು ಅತ್ತೆ. ಯಾವ ಗ್ರಂಥವನ್ನೂ ಓದದ ಆ ಹಿರಿಯ ಜೀವ ಅದನ್ನೇ ಹೇಳಿತ್ತು. ಆದರೆ ನನ್ನ ತೊಡಕು ಬೇರೆಯಾಗಿತ್ತು. ವರ್ಷಗಟ್ಟಲೆ ಉಪವಾಸಕ್ಕೂ ಉಬ್ಬರಕ್ಕೂ ಸಿಕ್ಕಿ ನನಗೆ ಹಸಿವು ಯಾವುದು, ತೃಪ್ತಿ ಯಾವುದು ಎಂಬುದೇ ಮರೆತುಹೋಗಿತ್ತು. ಹಸಿವಾದಾಗ ತಿನ್ನು ಎಂದರೆ, ದಿಕ್ಸೂಚಿ ಕೆಟ್ಟ ಹಡಗಿಗೆ ಉತ್ತರಕ್ಕೆ ಹೋಗು ಎಂದಂತೆ.

ಮೂರನೆಯದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಅವರ 'ಓವರ್‌ಕಮಿಂಗ್ ಬಿಂಜ್ ಈಟಿಂಗ್', ಪ್ರಕಟವಾದದ್ದು 1995ರಲ್ಲಿ. ಅದರ ಮೊದಲ ಭಾಗ ರೋಗದ ವಿವರಣೆ, ಎರಡನೆಯ ಭಾಗ ಮನೆಯಲ್ಲಿಯೇ ಅನುಸರಿಸಬಹುದಾದ ಚಿಕಿತ್ಸಾಕ್ರಮ. ಭಾಷೆಯಲ್ಲಿ ಭಾವಾವೇಶವಿಲ್ಲ, ಉಪದೇಶವಿಲ್ಲ. ಹೊಲಿಗೆ ಯಂತ್ರದ ಜೊತೆಗೆ ಕೊಡುವ ಕೈಪಿಡಿಯಂತೆ ಮೊದಲು ಇದು, ಆಮೇಲೆ ಇದು ಎಂದು ಹೇಳುತ್ತ ಹೋಗುತ್ತದೆ. ಬಹುಶಃ ಆ ಕಾರಣದಿಂದಲೇ ಅದು ನನಗೆ ಹಿಡಿಸಿತು.

ನನ್ನ ನಡತೆಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ ಎಂಬುದು ತಿಳಿದದ್ದೇ ಅಲ್ಲಿ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಷ್ಟು ಹಿಂದೆಯೇ ಇಂಥ ರೋಗಿಗಳನ್ನು ಕುರಿತು ಬರೆದಿದ್ದರು. ಬಹಳ ತಿನ್ನುವುದೊಂದೇ ಇದರ ಲಕ್ಷಣವಲ್ಲ. ಮದುವೆಮನೆಯಲ್ಲಿ ಹನ್ನೆರಡು ಹೋಳಿಗೆ ತಿಂದು ನಗುತ್ತ ಎದ್ದುಬರುವವರು ರೋಗಿಗಳಲ್ಲ. ತಿನ್ನುವಾಗ ನಿಲ್ಲಿಸಲಾರೆನೆಂಬ, ಹಿಡಿತ ತಪ್ಪಿತೆಂಬ ಅನುಭವವೇ ಇದರ ತಿರುಳು. ಗಬಗಬನೆ ತಿನ್ನುವುದು, ಹಸಿವಿಲ್ಲದಿದ್ದರೂ ತಿನ್ನುವುದು, ನಾಚಿಕೆಯಿಂದ ಏಕಾಂತದಲ್ಲಿ ತಿನ್ನುವುದು, ಹೊಟ್ಟೆ ನೋಯುವ ತನಕ ತಿನ್ನುವುದು, ಆಮೇಲೆ ತನ್ನ ಮೇಲೆ ತಾನೇ ಹೇಸಿಕೊಳ್ಳುವುದು ಇವೆಲ್ಲ ಅದರ ಪರಿವಾರ. ನಮ್ಮ ಭಾಷೆಯಲ್ಲಿ ಇದಕ್ಕೆ ಹೊಟ್ಟೆಬಾಕತನವೆಂಬ ಬೈಗುಳವುಂಟು. ನಾನು ನನ್ನ ಮಟ್ಟಿಗೆ 'ತಿನ್ನುವ ಗೀಳು' ಎಂದು ಕರೆದುಕೊಂಡೆ. ಹೆಸರಿಟ್ಟ ಮೇಲೆ ಭಯ ಸ್ವಲ್ಪ ಇಳಿಯಿತು.

ಈ ಗೀಳಿಗೆ ಮೂಲ ಎಲ್ಲಿ ಎಂದು ಬಾಲ್ಯವನ್ನೆಲ್ಲ ಕೆದಕುವುದಕ್ಕಿಂತ, ಇಂದು ಅದನ್ನು ಜೀವಂತವಾಗಿ ಇಟ್ಟಿರುವುದು ಯಾವುದು ಎಂದು ನೋಡುವುದು ಆ ಪುಸ್ತಕದ ದಾರಿ. ಉತ್ತರವೂ ಅಲ್ಲಿಯೇ ಇತ್ತು: ಕಟ್ಟುನಿಟ್ಟಿನ ಪಥ್ಯವೇ ಗೀಳನ್ನು ಸಾಕುತ್ತದೆ. ಇದನ್ನು ನಂಬಲು ನನಗೆ ಕಷ್ಟವಾಯಿತು. ಮುಂದೆ ಓದಿದ ಒಂದು ಸಂಗತಿ ನಂಬಿಸಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯ ಮೇಲೆ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿ ಇರಿಸಿ ಅಭ್ಯಾಸ ಮಾಡಿದರು. ದೇಹದ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡ ಆ ಯುವಕರಿಗೆ ಹಗಲಿರುಳೂ ಆಹಾರದ್ದೇ ಧ್ಯಾನ. ಕೆಲವರು ಅಡಿಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ನಿರ್ಬಂಧ ತೆಗೆದ ಮೇಲೆ ಎಷ್ಟು ತಿಂದರೂ ತೃಪ್ತಿಯಿಲ್ಲದೆ ಹೊಟ್ಟೆ ಬಿರಿಯುವಷ್ಟು ತಿಂದವರು ಅವರಲ್ಲಿ ಇದ್ದರು. ಅವರಾರೂ ಹೊಟ್ಟೆಬಾಕರಾಗಿ ಹುಟ್ಟಿದವರಲ್ಲ. ಹಸಿವು ಅವರನ್ನು ಹಾಗೆ ಮಾಡಿತ್ತು. ದಿನವಿಡೀ ಕಪ್ಪು ಕಾಫಿಯಲ್ಲಿ ಇದ್ದು ರಾತ್ರಿ ಅಡಿಗೆಮನೆಗೆ ನುಗ್ಗುತ್ತಿದ್ದ ನನಗೂ ಅವರಿಗೂ ಇದ್ದ ಅಂತರ ಅತ್ಯಲ್ಪ.

ಪುಸ್ತಕ ಹೇಳಿದ ಮೊದಲ ಹೆಜ್ಜೆ ಬರೆಯುವುದು. ತಿಂದದ್ದನ್ನೆಲ್ಲ, ತಿಂದ ಕೂಡಲೇ ಬರೆಯಬೇಕು: ಹೊತ್ತು, ಪದಾರ್ಥ, ಸ್ಥಳ, ಅತಿಯಾಯಿತೆನಿಸಿದ ತಿನಿಸಿಗೆ ಒಂದು ನಕ್ಷತ್ರ, ಆಗಿನ ಸಂದರ್ಭ. ಕ್ಯಾಲರಿಗಳ ಲೆಕ್ಕ ಬೇಡ. ತೂಕ ನೋಡುವುದು ವಾರಕ್ಕೆ ಒಂದೇ ಬಾರಿ. ನಾನು ಊರಿನಿಂದ ತಂದಿದ್ದ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆಯತೊಡಗಿದೆ. 1997ರ ಮಾರ್ಚ್ ತಿಂಗಳ ಒಂದು ನಮೂದು ಹೀಗಿದೆ: "ರಾತ್ರಿ 11.20. ಅಡಿಗೆಮನೆ, ನಿಂತುಕೊಂಡು. ಬ್ರೆಡ್ ಆರು ಚೂರು, ಜಾಮು, ಪುಳಿಯೋಗರೆ ನಾಲ್ಕು ಸೌಟು, ಕೋಡುಬಳೆ ಇದ್ದಷ್ಟೂ*. ಬೆಳಗಿನಿಂದ ಕಾಫಿ ಬಿಟ್ಟು ಏನೂ ಇಲ್ಲ. ಅಮ್ಮನ ಫೋನು ಬಂದಿತ್ತು. ಅಪ್ಪನ ಕನ್ನಡಕವನ್ನು ಯಾರಿಗೋ ಕೊಟ್ಟರಂತೆ."

ಬರೆಯುವುದು ಹಿಂಸೆಯಾಗಿತ್ತು. ಕತ್ತಲೆಯಲ್ಲಿ ಆದದ್ದನ್ನು ಬೆಳಕಿಗೆ ತಂದಂತಾಗುತ್ತಿತ್ತು. ಆದರೆ ನಾಲ್ಕು ವಾರ ಕಳೆದ ಮೇಲೆ ಪುಟಗಳನ್ನು ಮಗುಚಿ ನೋಡಿದಾಗ, ನಕ್ಷತ್ರಗಳು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ಒಟ್ಟು ಹದಿನೇಳರಲ್ಲಿ ಹದಿನಾಲ್ಕು, ಸಂಜೆಯ ತನಕ ಏನೂ ತಿನ್ನದ ದಿನಗಳಲ್ಲಿಯೇ ಬಿದ್ದಿದ್ದವು. ಉಳಿದ ಮೂರು ಊರಿನ ಫೋನು ಬಂದ ಭಾನುವಾರಗಳವು. ದೆವ್ವ ಹಿಡಿದಂತೆ ಬರುವುದೆಂದು ತಿಳಿದಿದ್ದ ಗೀಳಿಗೆ ಹೀಗೊಂದು ಪಂಚಾಂಗವಿತ್ತು.

ಎರಡನೆಯ ಹೆಜ್ಜೆ ಹೊತ್ತುಹೊತ್ತಿಗೆ ಉಣ್ಣುವುದು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ. ಎರಡರ ನಡುವೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಇರಕೂಡದು. ಹಸಿವಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಬಾರದು, ಗಡಿಯಾರ ಹೇಳಿದಾಗ ತಿನ್ನಬೇಕು. ರಾತ್ರಿ ಅತಿಯಾಗಿ ತಿಂದಿದ್ದರೂ ಮರುದಿನ ಬೆಳಗಿನ ತಿಂಡಿ ಬಿಡುವಂತಿಲ್ಲ. ನಾನು ಏಳೂವರೆಗೆ ಉಪ್ಪಿಟ್ಟೋ ದೋಸೆಯೋ, ಹತ್ತೂವರೆಗೆ ಹಣ್ಣು, ಒಂದು ಗಂಟೆಗೆ ಊಟ, ನಾಲ್ಕಕ್ಕೆ ಕಾಫಿಯ ಜೊತೆ ಎರಡು ಬಿಸ್ಕತ್ತು, ಏಳೂವರೆಗೆ ಊಟ, ಮಲಗುವ ಮೊದಲು ಹಾಲು ಎಂದು ಬರೆದು ಗೋಡೆಗೆ ಅಂಟಿಸಿದೆ. ದಪ್ಪಗಾಗಿಯೇ ಬಿಡುತ್ತೇನೆಂಬ ಭಯದಿಂದ ಮೊದಲ ವಾರ ಕೈ ನಡುಗುತ್ತಿತ್ತು. ಆದರೆ ಮೂರನೆಯ ವಾರದ ಒಂದು ರಾತ್ರಿ ಹನ್ನೊಂದು ಗಂಟೆಗೆ ನಾನು ನಿದ್ದೆ ಮಾಡುತ್ತಿದ್ದೆನೆಂಬುದು ಮರುದಿನ ಬೆಳಿಗ್ಗೆ ಅರಿವಾಗಿ ಆಶ್ಚರ್ಯವಾಯಿತು. ಅತಿಯಾಗಿ ತಿನ್ನುವವನಿಗೂ, ಏನನ್ನೂ ತಿನ್ನದವನಿಗೂ ಯೋಗ ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದ ಆ ಮಾತಿನ ಎರಡನೆಯ ಅರ್ಧವನ್ನು ನಾನು ಗಮನಿಸಿಯೇ ಇರಲಿಲ್ಲ.

ಮೂರನೆಯ ಹೆಜ್ಜೆ, ಗೀಳು ಏಳುವ ಹೊತ್ತಿಗೆ ಮಾಡಲು ಬೇರೆ ಕೆಲಸಗಳನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು. ಬಿಸಿನೀರಿನ ಸ್ನಾನ, ಅಮ್ಮನಿಗೆ ಕಾಗದ, ಹಾರ್ಮೋನಿಯಂ, ಬೀದಿಯ ತುದಿಯವರೆಗೆ ನಡಿಗೆ. ಒಲೆಯ ಮೇಲಿನ ಹಾಲು ಉಕ್ಕಿ ಬಂದಾಗ ಇನ್ನೇನು ಎಲ್ಲ ಚೆಲ್ಲಿಹೋಯಿತು ಎನಿಸುತ್ತದೆ. ಉರಿ ತಗ್ಗಿಸಿ ಒಂದು ಗಳಿಗೆ ನಿಂತರೆ ತಾನಾಗಿ ಇಳಿಯುತ್ತದೆ. ಗೀಳೂ ಹಾಗೆಯೇ. ನಾಲ್ಕನೆಯ ಹೆಜ್ಜೆ, ದಿನನಿತ್ಯದ ಕಷ್ಟಗಳನ್ನು ತಿನಿಸಿನಿಂದ ಮರೆಯುವ ಬದಲು ಕಷ್ಟಗಳೆಂದೇ ಎದುರಿಸುವುದು. ಭಾನುವಾರದ ಫೋನಿನ ನಂತರ ನಾನು ಒಬ್ಬಳೇ ಇರದಂತೆ ಏರ್ಪಾಡು ಮಾಡಿಕೊಂಡೆ. ಏರ್ಪಾಡೆಂದರೆ, ನನ್ನ ಪತಿಗೆ ಎಲ್ಲವನ್ನೂ ಹೇಳುವುದು. ಸುಧಾ ಪತ್ರಿಕೆಯ ರಟ್ಟು ಬಿಚ್ಚಿ ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ರವೆ ಉಂಡೆಯ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಹುಡುಗನಿಗೆ ನಾನು ಬೈದದ್ದು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. "ಅವನಿಗೆ ನಾನೇ ಹೇಳುತ್ತೇನೆ, ಸ್ವಲ್ಪ ಸಮಯ ಕೊಡಿ" ಎಂದೆ. ಆ ಸ್ವಲ್ಪ ಸಮಯ ಎಷ್ಟು ದೀರ್ಘವಾಯಿತೆಂಬುದನ್ನು ಆಗಲೇ ಹೇಳಿದ್ದೇನೆ.

ಪುಸ್ತಕವೊಂದೇ ನನ್ನನ್ನು ದಡ ಸೇರಿಸಿತೆಂದು ಹೇಳಿದರೆ ಪೂರ್ಣ ಸತ್ಯವಾಗದು. ನಮ್ಮ ಕೂಟದಲ್ಲಿ ದಾದಿಯಾಗಿ ಕೆಲಸ ಮಾಡುತ್ತಿದ್ದ ಹಿರಿಯ ಅಕ್ಕ ಒಬ್ಬರಿದ್ದರು. ಪ್ರತಿ ಭಾನುವಾರ ಸಂಜೆ ಅವರು ಇಪ್ಪತ್ತು ನಿಮಿಷ ಫೋನು ಮಾಡುತ್ತಿದ್ದರು. ಬುದ್ಧಿವಾದ ಹೇಳುತ್ತಿರಲಿಲ್ಲ. "ಈ ವಾರ ಬರೆದೆಯಾ? ಎಷ್ಟು ನಕ್ಷತ್ರ? ಈಗ ಯಾವ ಹೆಜ್ಜೆಯಲ್ಲಿದ್ದೀಯಾ?" ಇಷ್ಟೇ ಅವರ ಪ್ರಶ್ನೆಗಳು. ಬಹಳ ವರ್ಷಗಳ ನಂತರ, 2017ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯನ್ನು ಓದಿ ನನಗೆ ನಗು ಬಂತು. ಈ ಕಾಯಿಲೆಯ ವಯಸ್ಕರಿಗೆ ಮೊದಲು ಕೊಡಬೇಕಾದದ್ದು ಮಾರ್ಗದರ್ಶನ ಸಹಿತವಾದ ಸ್ವಸಹಾಯ ಕ್ರಮ; ಅದರ ಜೊತೆಗೆ 16 ವಾರಗಳಲ್ಲಿ ತಲಾ 20 ನಿಮಿಷಗಳ 4ರಿಂದ 9 ಭೇಟಿಗಳು ಇರಬಹುದು ಎಂದು ಅದರಲ್ಲಿತ್ತು. ನಮ್ಮ ಅಕ್ಕ ಇಪ್ಪತ್ತು ವರ್ಷ ಮುಂಚೆಯೇ ಅದನ್ನು ನಡೆಸಿದ್ದರು.

ಐದನೆಯ ಹೆಜ್ಜೆ ನನಗೆ ಎಲ್ಲಕ್ಕಿಂತ ಕಠಿಣವಾಯಿತು. ನಿಷಿದ್ಧವೆಂದು ದೂರ ಇಟ್ಟ ಪದಾರ್ಥಗಳ ಪಟ್ಟಿ ಮಾಡಿ, ಸುಲಭವಾದುದರಿಂದ ಆರಂಭಿಸಿ ಒಂದೊಂದನ್ನೇ ಮತ್ತೆ ಊಟಕ್ಕೆ ಸೇರಿಸಿಕೊಳ್ಳಬೇಕು. ನನ್ನ ಪಟ್ಟಿಯಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಕೊನೆಯದು ರವೆ ಉಂಡೆ. 1998ರ ದೀಪಾವಳಿಯಂದು ನಾನೇ ರವೆ ಹುರಿದು ಹನ್ನೆರಡು ಉಂಡೆ ಕಟ್ಟಿದೆ. ಸಂಜೆ ನಾಲ್ಕು ಗಂಟೆಗೆ, ಬೆಳಕಿರುವಾಗಲೇ, ಪತಿ ಮತ್ತು ಮಗನ ಜೊತೆಗೆ ಮೇಜಿನ ಮುಂದೆ ಕುಳಿತು ಒಂದನ್ನು ತಿಂದೆ. ಎರಡು ವರ್ಷಗಳ ಹಿಂದೆ ಇಪ್ಪತ್ತೊಂದು ತಿಂದರೂ ತಿಳಿಯದಿದ್ದ ಏಲಕ್ಕಿಯ ಪರಿಮಳ ಆ ಒಂದರಲ್ಲಿ ತಿಳಿಯಿತು. ರಾತ್ರಿ ಡಬ್ಬ ಮೇಜಿನ ಮೇಲೆಯೇ ಇತ್ತು. ನಾನು ಎದ್ದು ಹೋಗಲಿಲ್ಲ. ಬೆಳಿಗ್ಗೆ ಎಣಿಸಲೂ ಇಲ್ಲ.

ಇದಾದ ಮೇಲೆ ಎಲ್ಲವೂ ಸುಗಮವಾಯಿತೆಂದು ತಿಳಿಯಬೇಡಿ. ಮರುವರ್ಷ ಊರಿಗೆ ಹೋಗಿ ಬಂದಾಗ, ತಂದೆಯವರಿಲ್ಲದ ಮನೆಯನ್ನು ನೋಡಿ ಬಂದ ವಾರ, ಎರಡು ರಾತ್ರಿ ಮತ್ತೆ ನಕ್ಷತ್ರಗಳು ಬಿದ್ದವು. ಆದರೆ ಎಡವುವುದು ಬೇರೆ, ಬಿದ್ದೇ ಹೋಗುವುದು ಬೇರೆ ಎಂದು ಪುಸ್ತಕ ಕಲಿಸಿತ್ತು. ಉಪವಾಸ ಮಾಡದೆ ಏಳೂವರೆಗೆ ಉಪ್ಪಿಟ್ಟು ತಿಂದೆ. ತೂಕದ ಮಾತು ಕೇಳುವವರಿಗಾಗಿ ಹೇಳುತ್ತೇನೆ: ಮೊದಲ ವರ್ಷದಲ್ಲಿ ಇಳಿದದ್ದು ಮೂರು ಪೌಂಡು ಮಾತ್ರ. ತೂಕ ಇಳಿಸುವುದು ಈ ಚಿಕಿತ್ಸೆಯ ಗುರಿಯೂ ಅಲ್ಲ, ಫಲವೂ ಅಲ್ಲ. ನನಗೆ ಮರಳಿ ದೊರೆತದ್ದು ರಾತ್ರಿಗಳು.

ಇನ್ನೊಂದು ಎಚ್ಚರಿಕೆ. ಪುಸ್ತಕ ಎಲ್ಲರಿಗೂ ಸಾಲದು. ತೂಕ ತೀರಾ ಕಡಿಮೆಯಿರುವವರು, ಗರ್ಭಿಣಿಯರು, ಮಧುಮೇಹದಂಥ ಕಾಯಿಲೆಯವರು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವವರು, ಬದುಕೇ ಬೇಡವೆನಿಸಿದವರು ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅಂಗಡಿಯ ಕಪಾಟಿನಲ್ಲಿರುವ ಸ್ವಸಹಾಯದ ಪುಸ್ತಕಗಳೆಲ್ಲವೂ ಒಂದೇ ಅಲ್ಲ. ನನ್ನನ್ನು ಕೆಡಿಸಿದ ಪಥ್ಯದ ಪುಸ್ತಕವೂ ಅದೇ ಸಾಲಿನಲ್ಲಿತ್ತು. ಪರೀಕ್ಷೆಗೆ ಒಳಪಟ್ಟ ಕ್ರಮವನ್ನು ಹೇಳುವ ಪುಸ್ತಕ ಯಾವುದು, ಬರಿಯ ಆಸೆ ಹುಟ್ಟಿಸುವ ಪುಸ್ತಕ ಯಾವುದು ಎಂದು ಆರಿಸುವ ವಿವೇಕ ಬೇಕು.

2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಈ ಗೀಳನ್ನು ಪ್ರತ್ಯೇಕ ಕಾಯಿಲೆಯೆಂದು ಮಾನ್ಯ ಮಾಡಿತು. ಅದಕ್ಕೆ ಹಿಂದೆ, 1994ರ ಆವೃತ್ತಿಯಲ್ಲಿ, ಅದು ಅನುಬಂಧದಲ್ಲಿ ಮಾತ್ರ ಇತ್ತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ, ಇನ್ನು ಮುಂದೂಡಲು ನೆಪವಿಲ್ಲವೆನಿಸಿತು. ರಜೆಗೆ ಮನೆಗೆ ಬಂದಿದ್ದ ಮಗನಿಗೆ ಆಗ ಇಪ್ಪತ್ತೈದು ವರ್ಷ. ಅವನೆದುರಿಗೆ ಕುಳಿತು 1996ರ ಆ ಬೆಳಗಿನ ಕಥೆ ಹೇಳಿದೆ. ಕ್ಷಮಿಸು ಎಂದೆ.

ಅವನು ತಲೆ ತಗ್ಗಿಸಿ ಕೇಳಿದ. "ಉಂಡೆ ವಿಷಯ ನನಗೆ ಸರಿಯಾಗಿ ನೆನಪಿಲ್ಲ ಅಮ್ಮ. ಆದರೆ ಈ ಮನೆಯಲ್ಲಿ ಯಾವ ಡಬ್ಬದ ಮುಚ್ಚಳ ತೆಗೆಯಬೇಕಾದರೂ ನಾನು ಕೇಳಿಯೇ ತೆಗೀತಿದ್ದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ" ಎಂದ.

ಹೌದು. ಕೇಳಿಯೇ ತೆಗೆಯುತ್ತಿದ್ದ. ಎಷ್ಟು ಒಳ್ಳೆಯ ನಡತೆಯ ಹುಡುಗ ಎಂದು ನೆಂಟರೆಲ್ಲ ಮೆಚ್ಚಿದ್ದರು, ನಾನೂ ಹಿಗ್ಗಿದ್ದೆ. ಗಾಯವೊಂದನ್ನು ಗುಣವೆಂದು ತಿಳಿದು ಹದಿನೇಳು ವರ್ಷ ಕಳೆದಿದ್ದೆ. ಯಾವ ಪುಸ್ತಕದ ಯಾವ ಹೆಜ್ಜೆಯೂ ಅದನ್ನು ಹಿಂದಕ್ಕೆ ತರಲಾರದು. ಆ ಸಂಜೆ ಅವನು ತಾನಾಗಿ ಎದ್ದು ಅಡಿಗೆಮನೆಗೆ ಹೋಗಿ, ಕೇಳದೆ ಡಬ್ಬದ ಮುಚ್ಚಳ ತೆಗೆದು ಎರಡು ಚಕ್ಕುಲಿ ತಂದ. ಒಂದನ್ನು ನನಗೆ ಕೊಟ್ಟ. ಇಬ್ಬರೂ ಕೂತು ತಿಂದೆವು.

ಅತ್ತೆಯವರು ಈಗಿಲ್ಲ. ಅವರಿಗೆ ಕೃತಜ್ಞತೆ ಹೇಳುವ ಅವಕಾಶವನ್ನೂ ನಾನು ಕಳೆದುಕೊಂಡೆ; ಈ ಲೇಖನವನ್ನೇ ಅವರಿಗೆ ಅರ್ಪಿಸುತ್ತಿದ್ದೇನೆ.

ಸಮ್ಮೇಳನದ ಈ ಮೂರು ದಿನಗಳಲ್ಲಿ ನಾವೆಲ್ಲ ಊಟದ ಸಾಲಿನಲ್ಲಿ ಸೇರಲಿದ್ದೇವೆ. ಎಷ್ಟೋ ವರ್ಷಗಳ ಮೇಲೆ ಕಂಡ ಗೆಳತಿಗೆ "ದಪ್ಪಗಾಗಿದ್ದೀರಲ್ಲ" ಎಂದೋ "ಎಷ್ಟು ಇಳಿದಿದ್ದೀರಿ, ಹೇಗೆ ಮಾಡಿದಿರಿ?" ಎಂದೋ ಹೇಳುವ ಬದಲು "ಹೇಗಿದ್ದೀರಿ?" ಎಂದು ಕೇಳೋಣ. ಬಡಿಸುವವರು ಪ್ರೀತಿಯಿಂದ ಒಮ್ಮೆ ಕೇಳಲಿ. ಸಾಕೆಂದವರನ್ನು ಬಲವಂತ ಮಾಡದಿರಲಿ, ಇನ್ನಷ್ಟು ಬೇಕೆಂದವರನ್ನು ನೋಡಿ ಹುಬ್ಬೇರಿಸದಿರಲಿ. ಮೂಲೆಯಲ್ಲಿ ಎರಡು ಹೋಳು ಸೌತೆಕಾಯಿ ಹಾಕಿಕೊಂಡು ಒಬ್ಬರೇ ಕುಳಿತವರು ಕಂಡರೆ, ತಟ್ಟೆಯ ಕಡೆ ನೋಡದೆ, ಪಕ್ಕದಲ್ಲಿ ಕುಳಿತುಕೊಳ್ಳಿ.